ಕ್ಯಾಮೆರಾಕ್ಕೆ ಕಣ್ಣಿಡುವ ಜಾಗ: ಸಂತೆ, ದೋಣಿ, ಬೆಟ್ಟ

ಈ ಪ್ರವಾಸದ ರಾತ್ರಿ ರೈಲಿನ ಬಗ್ಗೆ ಹೇಳುವಂಥದ್ದೇನಿಲ್ಲ. ಬೆಟ್ಟದ ಬಗ್ಗೆ ಒಂದು ಸಿಟ್ಟಿದೆ, ಅದು ಆಮೇಲೆ. ಬರೆಯಬೇಕು ಅನ್ನಿಸಿದ್ದು ಮಾತ್ರ ನದಿ ದಾಟುವ ದೋಣಿಯಿಂದ.

ಚೀಲದಲ್ಲಿದ್ದದ್ದು ಮೂರು ಕ್ಯಾಮೆರಾ. ನಡು ಮಧ್ಯದಲ್ಲಿ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಇರುವ, ಒಳಗೆ ಕನ್ನಡಿಯುಳ್ಳ ಡಿಎಸ್‌ಎಲ್‌ಆರ್, ಎಡಮೂಲೆಯಲ್ಲಿ ವ್ಯೂಫೈಂಡರ್ ಇರುವ ಕನ್ನಡಿಯಿಲ್ಲದ ಸಣ್ಣ ಮಿರರ್‌ಲೆಸ್, ಮೇಲಿನಿಂದ ಬಗ್ಗಿ ನೋಡುವ ಹಳೆಯ ಜೋಡಿ ಲೆನ್ಸಿನ ಟಿಎಲ್‌ಆರ್. ಇಷ್ಟು ತೂಕ ಹೊತ್ತದ್ದು ಚಿತ್ರದ ಗುಣಮಟ್ಟಕ್ಕಲ್ಲ, ಕಣ್ಣಿಡುವ ಜಾಗ ಬೇರೆಯಾದರೆ ಏನಾಗುತ್ತದೆ ಎಂದು ನೋಡಲು.

ದೋಣಿ ಬಿಟ್ಟ ಕೂಡಲೇ ಡಿಎಸ್‌ಎಲ್‌ಆರ್ ಎತ್ತಿದ್ದಾಯಿತು. ಎದುರು ಕೂತ ಹೆಂಗಸು ಮುಖ ತಿರುಗಿಸಿದರು, ಮಕ್ಕಳು ನೆಟ್ಟಗೆ ಕೂತು ಹಲ್ಲು ಕಿರಿದರು. ತಪ್ಪು ಅವರದಲ್ಲ. ಕಣ್ಣು ಕ್ಯಾಮೆರಾದ ನಡುವಿಗೆ ಹೋದರೆ ಮೂಗು, ಬಾಯಿ, ಇನ್ನೊಂದು ಕಣ್ಣು ಎಲ್ಲವೂ ಅದರ ಹಿಂದೆ ಮರೆಯಾಗುತ್ತವೆ. ಎದುರಿನವರಿಗೆ ಕಾಣುವುದು ಒಂದು ಗಾಜು ಮತ್ತು ಹತ್ತು ಬೆರಳು.

ಆಮೇಲೆ ಟಿಎಲ್‌ಆರ್ ತೊಡೆಯ ಮೇಲೆ ಬಂತು. ಮೇಲಿನ ಮುಚ್ಚಳ ತೆರೆದು, ಒಳಗಿನ ಗಾಜಿನ ಮೇಲೆ ಮೂಡುವ ಬಿಂಬವನ್ನು ಕತ್ತು ಬಗ್ಗಿಸಿ ನೋಡುವ ಕ್ಯಾಮೆರಾ. ಯಾರೂ ಮೈ ಬಿಗಿ ಮಾಡಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಅಂಬಿಗನೇ ಮಾತು ತೆಗೆದ.

“ಏನ್ ಸಾರ್, ಪೆಟ್ಟಿಗೆ ಒಳಗೆ ಏನೋ ಹುಡುಕ್ತಾ ಇದೀರಿ?”

“ನಿಮ್ಮನ್ನೇ ನೋಡ್ತಾ ಇದೀನಿ.”

“ನಾನು ಇಲ್ಲಿದೀನಲ್ಲ!” ಎಂದು ನಕ್ಕವನು, ಹುಟ್ಟನ್ನು ಹುಡುಗನ ಕೈಗೆ ಕೊಟ್ಟು ಬಗ್ಗಿ ನೋಡಿದ. ಕ್ಯಾಮೆರಾ ಆಗ ಪಕ್ಕದ ದಡದ ಕಡೆ ಮುಖ ಮಾಡಿತ್ತು. “ಅಯ್ಯೋ, ದೋಣಿ ಹಿಂದಕ್ಕೆ ಹೋಗ್ತಿದೆಯಲ್ಲ ಸಾರ್!”

ಅವನು ಕಂಡದ್ದು ಸರಿಯೇ. ಒಳಗಿನ ಒಂದೇ ಕನ್ನಡಿಯಿಂದ ಬಿಂಬ ನೆಟ್ಟಗೆ ನಿಲ್ಲುತ್ತದೆ, ಆದರೆ ಎಡಬಲ ಅದಲುಬದಲಾಗಿರುತ್ತದೆ. ಮತ್ತೆ ಹುಟ್ಟು ಹಿಡಿಯುತ್ತ ಅವನೇ ಅಂದ: “ಆ ಕರಿ ಕ್ಯಾಮೆರಾ ಮುಖಕ್ಕೆ ಹಿಡಿದಾಗ ಮಾತಾಡ್ಸೋಕೆ ಮನಸ್ಸೇ ಬರ್ಲಿಲ್ಲ ನೋಡಿ. ಇದಾದ್ರೆ ಪರವಾಗಿಲ್ಲ.” ಆಮೇಲೆ ದಡ ಮುಟ್ಟುವವರೆಗೂ ಅವನ ಬಾಯಿಗೆ ಬಿಡುವಿರಲಿಲ್ಲ. ಒಳ್ಳೆಯ ಚಿತ್ರಗಳು ಸಿಕ್ಕಿದ್ದೂ ಆಗಲೇ.

ಈ ಅದಲುಬದಲಿಗೆ ಕೈ ಪಳಗಬೇಕು. ಗಾಜಿನಲ್ಲಿ ಆಳು ಬಲ ಅಂಚಿಗೆ ಸರಿದರೆ ಕ್ಯಾಮೆರಾವನ್ನು ಎಡಕ್ಕೆ ತಿರುಗಿಸಬೇಕು. ನೀರಿನ ಗೆರೆ ಬಲಗಡೆ ಇಳಿದಂತೆ ಕಂಡರೆ ಕ್ಯಾಮೆರಾದ ಎಡಬದಿ ತಗ್ಗಿಸಬೇಕು. ಓಲಾಡುವ ದೋಣಿಯಲ್ಲಿ ಮಣಿಕಟ್ಟಿನಿಂದ ಸರಿಪಡಿಸಹೋದರೆ ವಾಲಿಕೆ ಇನ್ನೂ ಹೆಚ್ಚುತ್ತದೆ. ಸೊಂಟದಿಂದ ಇಡೀ ಮೈಯನ್ನೇ ತಿರುಗಿಸುವುದು ಮೇಲು. ಕತ್ತಿನ ಪಟ್ಟಿ ಬಿಗಿಯಾಗುವಂತೆ ಕ್ಯಾಮೆರಾವನ್ನು ಕೆಳಕ್ಕೆ ಒತ್ತಿ ಹಿಡಿದರೆ ಅಲುಗಾಟ ಕಡಿಮೆ. ನೆಲದ ಮೇಲೆ 1/60 ಸೆಕೆಂಡಿನ ಶಟರ್ ವೇಗ ಸಾಕು. ದೋಣಿಯೇ ಅಲುಗುವಾಗ 1/250ಕ್ಕಿಂತ ಕೆಳಗಿಳಿಯಬಾರದು. ನಡುಹಗಲಲ್ಲಿ ಗಾಜಿನ ಬಿಂಬ ಬಿಳಿಚಿ ಹೋಗುತ್ತದೆ, ಆಗ ಮುಚ್ಚಳದೊಳಗಿನ ಭೂತಗನ್ನಡಿ ಎತ್ತಿ ಕಣ್ಣನ್ನು ಹತ್ತಿರ ತರಬೇಕು. ನೋಡುವ ಲೆನ್ಸು ಮೇಲೆ, ಚಿತ್ರ ತೆಗೆಯುವ ಲೆನ್ಸು ಕೆಳಗೆ ಇರುವುದರಿಂದ ಒಂದು ಮೀಟರ್ ಆಸುಪಾಸಿನ ಮುಖಗಳಲ್ಲಿ ನೆತ್ತಿ ಕತ್ತರಿಸುವ ಅಪಾಯವಿದೆ. ಕೆಲವು ಮಾದರಿಗಳಲ್ಲಿ ಒಳಚೌಕಟ್ಟು ತಾನೇ ಸರಿದು ಇದನ್ನು ಸರಿದೂಗಿಸುತ್ತದೆ. ಇಲ್ಲದಿದ್ದರೆ ಚೌಕಟ್ಟು ಗೊತ್ತುಮಾಡಿಕೊಂಡ ಮೇಲೆ ಎರಡು ಲೆನ್ಸುಗಳ ನಡುವಿನ ಅಂತರದಷ್ಟು ಕ್ಯಾಮೆರಾ ಮೇಲೆತ್ತಿ ಕ್ಲಿಕ್ಕಿಸಬೇಕು.

ಚಿತ್ರಗಳೇ ಬೇರೆಯಾಗಿ ಬಂದದ್ದಕ್ಕೆ ಜನರ ಸಲಿಗೆಯೊಂದೇ ಕಾರಣವಲ್ಲ. ಬಯಲಿನಲ್ಲಾಗಲಿ ನೀರಿನ ಮೇಲಾಗಲಿ ದಿಗಂತದ ಗೆರೆ ಕ್ಯಾಮೆರಾದ ಎತ್ತರಕ್ಕೇ ಬಂದು ನಿಲ್ಲುತ್ತದೆ. ನಿಂತು ಕಣ್ಣಿನ ಮಟ್ಟದಿಂದ ತೆಗೆದರೆ ಅದು ಎದುರು ನಿಂತವರ ಮುಖವನ್ನೇ ಅಡ್ಡ ಸೀಳುತ್ತದೆ. ಹೊಟ್ಟೆಯ ಮಟ್ಟದಿಂದ ತೆಗೆದರೆ ಸೊಂಟದ ಹಿಂದೆ ಹಾಯುತ್ತದೆ, ತಲೆ ಆಕಾಶದಲ್ಲಿ ಬಿಡಿಯಾಗಿ ನಿಲ್ಲುತ್ತದೆ. ಅಂಬಿಗನ ಚಿತ್ರದಲ್ಲಿ ಆಚೆ ದಡದ ಮರಗಳು ಅವನ ತೊಡೆಯ ಮಟ್ಟದಲ್ಲೇ ಮುಗಿದಿವೆ.

ಸಂತೆಗೆ ಟಿಎಲ್‌ಆರ್ ಆಗದು. ಬಗ್ಗಿ ಫೋಕಸ್ ಮಾಡುವಷ್ಟರಲ್ಲಿ ಆಳು ದಾಟಿ ಹೋಗಿರುತ್ತಾನೆ, 120 ಫಿಲ್ಮಿನ ಒಂದು ಸುರುಳಿಗೆ ಸಿಗುವುದು ಹನ್ನೆರಡೇ ಚೌಕ ಚಿತ್ರ. ಅಲ್ಲಿ ಕೆಲಸಕ್ಕೆ ಬಂದದ್ದು ಎಡಮೂಲೆಯ ವ್ಯೂಫೈಂಡರ್. ಬಲಗಣ್ಣು ಮೂಲೆಗೆ ಇಟ್ಟರೆ ಕ್ಯಾಮೆರಾ ಬಲಕ್ಕೆ ಸರಿಯುತ್ತದೆ, ಎಡಗಣ್ಣು ಬಯಲಾಗೇ ಉಳಿಯುತ್ತದೆ. ಚೌಕಟ್ಟಿನೊಳಗೆ ಯಾರು ಕಾಲಿಡಲಿದ್ದಾರೆ ಎಂಬುದು ಮೊದಲೇ ಗೊತ್ತಾಗುತ್ತದೆ, ನಗೆಯೂ ಎದುರಿನವರಿಗೆ ಕಾಣುತ್ತದೆ. 1954ರ ಲೈಕಾ ಎಂ3 ಕ್ಯಾಮೆರಾದ ವ್ಯೂಫೈಂಡರ್ ನೋಟವನ್ನು ಬರಿಗಣ್ಣಿಗೆ ಕಾಣುವುದರ 0.91 ಪಟ್ಟು ತೋರಿಸುತ್ತಿದ್ದುದರಿಂದ ಎರಡೂ ಕಣ್ಣು ತೆರೆದರೆ ಬಿಂಬಗಳು ಹೆಚ್ಚುಕಡಿಮೆ ಒಂದಾಗುತ್ತಿದ್ದವು. ಇಂದಿನ ಎಷ್ಟೋ ಎಲೆಕ್ಟ್ರಾನಿಕ್ ವ್ಯೂಫೈಂಡರ್‌ಗಳು ಇದಕ್ಕಿಂತ ಚಿಕ್ಕದಾಗಿ ತೋರಿಸುತ್ತವೆ, ಎರಡು ಬಿಂಬ ಕೂಡುವುದಿಲ್ಲ.

ಎಡಗಣ್ಣಿನಿಂದ ನೋಡುವವರು ಮಾತ್ರ ಮೂಲೆಯ ವ್ಯೂಫೈಂಡರ್ ಕೊಳ್ಳುವ ಮೊದಲು ಹಿಡಿದು ನೋಡಲೇಬೇಕು. ಅವರಿಗೆ ಕ್ಯಾಮೆರಾ ಮತ್ತೆ ಮುಖಕ್ಕೇ ಅಡ್ಡ ಬರುತ್ತದೆ, ಮೂಗು ಟಚ್‌ಸ್ಕ್ರೀನಿಗೆ ತಾಗಿ ಫೋಕಸ್ ಬಿಂದು ಎಲ್ಲೋ ಓಡುತ್ತದೆ. ಮೆನುವಿನಲ್ಲಿ ಟಚ್ ಪ್ರದೇಶವನ್ನು ಬಲ ಅರ್ಧಕ್ಕೆ ಸೀಮಿತ ಮಾಡಬಹುದು. ಪೋಲರಾಯ್ಡ್ ತಂಪು ಕನ್ನಡಕ ಹಾಕಿದವರಿಗೆ ಇನ್ನೊಂದು ಕಾಟ: ಕ್ಯಾಮೆರಾ ಅಡ್ಡ ಹಿಡಿದಾಗಲೋ ಉದ್ದ ಹಿಡಿದಾಗಲೋ ಸ್ಕ್ರೀನ್ ಕಪ್ಪಾಗಬಹುದು.

ಇನ್ನು ಬೆಟ್ಟ. ದೂರದ ಸಾಲುಗಳಿಗೆ, ಉದ್ದನೆಯ ಲೆನ್ಸಿಗೆ, ನಡುವಿನ ವ್ಯೂಫೈಂಡರೇ ಸರಿ: ಕಣ್ಣು ಲೆನ್ಸಿನ ನೇರಕ್ಕಿರುತ್ತದೆ, ಹಾರುವ ಹಕ್ಕಿ ಬೇಗ ಸಿಗುತ್ತದೆ, ಹುಬ್ಬಿಗೆ ಒತ್ತಿದ ಕ್ಯಾಮೆರಾಕ್ಕೆ ಎರಡು ಕೈಯ ಜೊತೆ ಮೂರನೆಯ ಆಸರೆಯೂ ಆಗುತ್ತದೆ. ಆದರೆ ಅದೇ ವ್ಯೂಫೈಂಡರ್ ಒಂದು ಮುಂಜಾವನ್ನು ಹಾಳು ಮಾಡಿತು. ಟ್ರೈಪಾಡ್ ಮೇಲೆ ಕ್ಯಾಮೆರಾ, ಲೆನ್ಸಿಗೆ ಬೆಳಕು ತಗ್ಗಿಸುವ ದಟ್ಟ ಎನ್‌ಡಿ ಫಿಲ್ಟರ್, ಬೆನ್ನ ಹಿಂದೆ ಸೂರ್ಯ. ಕಣ್ಣು ತೆಗೆದ ಮೇಲೆ ಐಪೀಸಿನಿಂದ, ಅಂದರೆ ಕಣ್ಣಿಡುವ ಗಾಜಿನಿಂದ, ಒಳನುಗ್ಗಿದ ಬೆಳಕನ್ನೂ ಬೆಳಕು ಅಳೆಯುವ ಮೀಟರ್ ಲೆಕ್ಕಕ್ಕೆ ತೆಗೆದುಕೊಂಡು ಎಕ್ಸ್‌ಪೋಶರ್ ಕಡಿಮೆ ಮಾಡಿತು, ಚಿತ್ರಗಳೆಲ್ಲ ಮಸಿ. ಐಪೀಸ್ ಮುಚ್ಚಲು ಬಿಡಿ ಪ್ಲಾಸ್ಟಿಕ್ ಚೂರೊಂದು ಡಬ್ಬಿಯಲ್ಲೇ ಬರುತ್ತದೆ. ಅದನ್ನು ಕೂರಿಸಬೇಕೆಂದರೆ ಮೊದಲು ರಬ್ಬರ್ ಕಪ್ ಕಳಚಬೇಕು, ಚಳಿಯಲ್ಲಿ ಎರಡೂ ಕೈಜಾರಿ ಕಲ್ಲುಸಂದಿಗೆ ಬೀಳುತ್ತವೆ. ಇಂಥದ್ದನ್ನು ವಿನ್ಯಾಸ ಅನ್ನುವುದಕ್ಕೂ ಆಗದು. ಕಪ್ಪು ಟೇಪಿನ ತುಂಡೊಂದನ್ನು ಟ್ರೈಪಾಡ್ ಕಾಲಿಗೆ ಅಂಟಿಸಿಟ್ಟುಕೊಳ್ಳಿ. ಅಥವಾ ಐಪೀಸನ್ನು ಕೈಯಿಂದ ಮುಚ್ಚಿ ಅಳತೆ ಓದಿ ಮ್ಯಾನುಯಲ್ ಮೋಡ್‌ನಲ್ಲಿ ಅದನ್ನೇ ನಿಗದಿ ಮಾಡಿ. ಮಿರರ್‌ಲೆಸ್‌ಗೆ ಈ ರೋಗವಿಲ್ಲ, ಅಲ್ಲಿ ಅಳೆಯುವುದು ಚಿತ್ರ ಹಿಡಿಯುವ ಸೆನ್ಸರೇ.

ಟಿಎಲ್‌ಆರ್ ಹೊರಲಾರದವರಿಗೆ ಮೇಲಕ್ಕೆ ಬಾಗುವ ಸ್ಕ್ರೀನ್ ಸಾಕು, ಎಡಬಲ ತಿರುಗಾಮುರುಗದ ಗೋಜೂ ಇಲ್ಲ. ಪಕ್ಕಕ್ಕೆ ಬಿಚ್ಚುವ ಸ್ಕ್ರೀನ್ ಬೇಡ. ಲೆನ್ಸು ಎದುರಿನವರ ಕಡೆ, ನಮ್ಮ ಕಣ್ಣು ಎಡಕ್ಕೆ. ಚೌಕಟ್ಟು ಪ್ರತಿ ಸಲ ಒಂದಿಷ್ಟು ಸೊಟ್ಟಗೇ ಬರುತ್ತದೆ. ಬಾಗುವ ಸ್ಕ್ರೀನ್ ಬಳಸುವಾಗ ಪಟ್ಟಿಯನ್ನು ಸೊಂಟದ ಮಟ್ಟಕ್ಕೆ ಇಳಿಸಿ, ಸ್ಕ್ರೀನ್ ಬೆಳಕನ್ನು ಹೆಚ್ಚಿಸಿ. ಕಣ್ಣು ಹತ್ತಿರ ಬಂದದ್ದನ್ನು ಗುರುತಿಸುವ ಸೆನ್ಸರ್ ಆಫ್ ಮಾಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಹೊಟ್ಟೆ ಹತ್ತಿರ ಬಂದಾಗಲೆಲ್ಲ ಅದನ್ನೇ ಮುಖವೆಂದು ತಿಳಿದು ಬಿಂಬ ವ್ಯೂಫೈಂಡರಿಗೆ ಹಾರುತ್ತದೆ.