ತಿಂಗಳ ಕಂತು, ಆರು ತಿಂಗಳ ಭತ್ತ

ಭತ್ತ ಬೆಳೆಯುವವರ ಮನೆಗೆ ದುಡ್ಡು ತಿಂಗಳಿಗೊಮ್ಮೆ ಬರುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದರೆ ದೀಪಾವಳಿಯ ಆಚೀಚೆ ಒಂದು ಸಲ, ಎರಡನೇ ಬೆಳೆಗೂ ನೀರು ಸಿಕ್ಕರೆ ಬೇಸಿಗೆಯಲ್ಲಿ ಇನ್ನೊಂದು ಸಲ. ನಮ್ಮ ಕಾರಟಗಿ ಸೀಮೆಯಲ್ಲಿ ಮದುವೆ, ಮನೆ, ಬಂಗಾರ ಎಲ್ಲವೂ ಈ ಲೆಕ್ಕದಲ್ಲೇ ನಡೆಯುತ್ತವೆ. ಟ್ರ್ಯಾಕ್ಟರ್ ಸಾಲಕ್ಕಾದರೆ ಬ್ಯಾಂಕಿನವರು ಆರು ತಿಂಗಳಿಗೊಮ್ಮೆ ಕಂತು ಇಟ್ಟುಕೊಡುತ್ತಾರೆ. ತಿರುಗಾಟದ ವಾಹನಕ್ಕೆ ಸಾಲ ಕೇಳಿದರೆ ಕಂತು ತಿಂಗಳು ತಿಂಗಳು ಕಟ್ಟಲೇಬೇಕು. 2024ರ ಕೊನೆಯಲ್ಲಿ ನಾವು ಒಂದು ಹಳೆಯ ಕ್ಯಾರವಾನ್, ಅಂದರೆ ಚಕ್ರದ ಮೇಲಿನ ಮನೆಯಂಥ ವಾಹನ, ಕೊಳ್ಳಲು ಹೊರಟಾಗ ಮನೆಯಲ್ಲಿ ಎದ್ದ ಚರ್ಚೆಯ ಬೇರು ಇಲ್ಲೇ ಇತ್ತು.

ಕ್ಯಾರವಾನ್ ಏಕೆ ಎಂದು ಊರಿನವರು ಕೇಳಿದರು. ನಮ್ಮ ಅತ್ತೆ ಯುಗಾದಿಗೆ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೋಗಿಬರುತ್ತಿದ್ದವರು. ಈಗ ಮೊಣಕಾಲು ಸವೆದಿದೆ, ಜೊತೆಗೆ ಸಕ್ಕರೆ ಕಾಯಿಲೆ. ಕಾರಿನಲ್ಲಿ ಮಂತ್ರಾಲಯಕ್ಕೆ ಹೊರಟರೂ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಿಬಿಡುತ್ತಾರೆ. ದಾರಿಯಲ್ಲಿ ಹೆಂಗಸರು ಹೋಗುವಂಥ ಶೌಚಾಲಯ ಎಲ್ಲಿ ಸಿಗುತ್ತದೋ ಇಲ್ಲವೋ ಎಂಬ ಭಯ ಅವರಿಗೆ. ಒಮ್ಮೆ ಹೀಗೇ ಬಾಯಾರಿಕೆಯಿಂದ ಬಳಲಿ ದೇವರ ದರ್ಶನವನ್ನೂ ಮಾಡಲಾಗದೆ ಹಿಂತಿರುಗಿದರು. ಒಳಗೇ ಶೌಚಾಲಯವಿರುವ, ಮಾವ ಕಾಲು ಚಾಚಿ ಮಲಗಬಹುದಾದ ವಾಹನ ಬೇಕೆಂದು ಪಟ್ಟು ಹಿಡಿದವಳು ನಾನೇ. ಇದನ್ನು ಶೋಕಿ ಎನ್ನುವವರ ಜೊತೆ ಇವತ್ತಿಗೂ ನನಗೆ ಒಪ್ಪಿಗೆಯಿಲ್ಲ.

ಮೈದುನ ಹುಬ್ಬಳ್ಳಿಯ ಕಡೆಯ ಒಬ್ಬರ ಬಳಿ ಒಂದು ವಾಹನ ಹುಡುಕಿದ. ಫೋರ್ಸ್ ಟ್ರಾವೆಲರ್ ಎಂಬ ಮಿನಿಬಸ್ಸಿನ ಮೇಲೆ ಕಟ್ಟಿದ್ದು. ಎರಡು ಹಾಸಿಗೆ, ಚಿಕ್ಕ ಫ್ರಿಜ್, ಹಿಂಬದಿಯಲ್ಲಿ ಶೌಚಾಲಯ. ಹೇಳಿದ ಬೆಲೆ ಒಂಬತ್ತೂವರೆ ಲಕ್ಷ. ನಮ್ಮ ಕೈಯಲ್ಲಿ ಮುಂಗಾರು ಭತ್ತ ಮಾರಿದ ನಾಲ್ಕು ಲಕ್ಷವಿತ್ತು. ನನ್ನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಎಂಟು ಲಕ್ಷದ ನಿಶ್ಚಿತ ಠೇವಣಿಯೂ ಇತ್ತು. ಠೇವಣಿ ಮುರಿದು ಸಾಲವಿಲ್ಲದೆ ಕೊಂಡುಬಿಡೋಣ ಎಂದು ನಮ್ಮ ಯಜಮಾನರು. ಠೇವಣಿ ಮುಟ್ಟುವುದು ಬೇಡ, ಐದು ಲಕ್ಷ ಸಾಲ ಮಾಡೋಣ, ಅತ್ತಿಗೆಯ ಸಂಬಳ ಇದೆಯಲ್ಲ ಎಂದು ಮೈದುನ. ಈ ಕೊನೆಯ ಮಾತು ನನಗೆ ಸರಿ ಕಾಣಲಿಲ್ಲ. 2023ರ ಬರದಲ್ಲಿ ಎರಡನೇ ಬೆಳೆ ಇಲ್ಲದೆ ಹೋದಾಗ ಮನೆ ನಡೆದದ್ದು ನನ್ನ ಶಿಕ್ಷಕಿ ಸಂಬಳದಲ್ಲಿ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋಯಿತು ಎಂಬ ಸುದ್ದಿ ಬಂದಾಗ ಮಾವ ಬೆಳಗಿನ ತನಕ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ನಾಟಿ ಮಾಡಿದ ಗದ್ದೆಯ ಗತಿ ಏನು ಎಂಬುದಷ್ಟೇ ಅವರ ಚಿಂತೆ. ಇಂಥ ಮನೆಯಲ್ಲಿ ತಿಂಗಳಿಗೊಮ್ಮೆ ಬರುವ ದುಡ್ಡು ಅದೊಂದೇ. ಅದನ್ನು ಐದು ವರ್ಷಕ್ಕೆ ಬರೆದುಕೊಡಲು ನಾನು ತಯಾರಿರಲಿಲ್ಲ.

ಕೇಳಿ ನೋಡದೆ ತೀರ್ಮಾನ ಮಾಡುವುದು ಬೇಡವೆಂದು ರಜೆ ಹಾಕಿ, ಮಾವ ಮತ್ತು ಮೈದುನನ ಜೊತೆ ಗಂಗಾವತಿಗೆ ಹೋದೆ. ಮೊದಲು ಬ್ಯಾಂಕು. ವ್ಯವಸ್ಥಾಪಕರು ಸಮಾಧಾನದಿಂದ ಮಾತನಾಡಿದರು. ಹಳೆಯ ವಾಹನಕ್ಕೆ ಸಾಲ ಕೊಡುವಾಗ ಮೌಲ್ಯಮಾಪಕರು ಟ್ರಾವೆಲರ್ ಯಾವ ವರ್ಷದ್ದು, ಯಾವ ಮಾದರಿ ಎಂದಷ್ಟೇ ನೋಡುತ್ತಾರಂತೆ. ಹಾಸಿಗೆ, ನೀರಿನ ಟ್ಯಾಂಕು, ಶೌಚಾಲಯ ಇವು ಲೆಕ್ಕಕ್ಕೆ ಬರುವುದಿಲ್ಲ. ನಾವು ಯಾವುದಕ್ಕಾಗಿ ಹೆಚ್ಚು ದುಡ್ಡು ಕೊಡುತ್ತಿದ್ದೆವೋ ಅದಕ್ಕೇ ಸಾಲವಿಲ್ಲ. ಅಲ್ಲಿಂದ ಎದ್ದು ಒಂದು ಹಣಕಾಸು ಕಂಪನಿಯ ಕಚೇರಿಗೆ ಹೋದೆವು. ಅಲ್ಲಿನ ಹುಡುಗ ಬಹಳ ಚುರುಕು. ಐದು ಲಕ್ಷ, ಐದು ವರ್ಷ, ಶೇ. 10 ಫ್ಲ್ಯಾಟ್, ತಿಂಗಳಿಗೆ 12,500 ರೂಪಾಯಿ ಎಂದು ಕಾಗದದ ಮೇಲೆ ಬರೆದು ಮುಂದಿಟ್ಟ.

ಮಾವ ಆ ಕಾಗದವನ್ನು ಎತ್ತಿಕೊಂಡು ಕನ್ನಡಕ ಸರಿಮಾಡಿಕೊಂಡರು. ದಲಾಲಿ ಅಂಗಡಿಯ ಸಾಲದಲ್ಲಿ ಬೆಳೆದ ಜೀವ ಅದು. ಬಡ್ಡಿಯನ್ನು ಅವರು ನೂರಕ್ಕೆ ಇಷ್ಟು ರೂಪಾಯಿ ಎಂದೇ ಎಣಿಸುವುದು. “ತಮ್ಮಾ, ತಿಂಗಳಿಗೆ ಅಸಲು ಎಷ್ಟು, ಬಡ್ಡಿ ಎಷ್ಟು ಹೇಳು” ಎಂದರು. ಅಸಲು 8,333, ಬಡ್ಡಿ 4,167 ಎಂದು ಅವನು ಹೇಳಿದ. “ಹಾಗಾದರೆ ಕೊನೆಯ ತಿಂಗಳು ನಾನು ಕೊಡಬೇಕಾದ ಅಸಲು ಬರೀ 8,333 ರೂಪಾಯಿ. ಅದಕ್ಕೂ ಒಂದು ತಿಂಗಳಿಗೆ 4,167 ಬಡ್ಡಿಯೇ?” ಎಂದು ಮಾವ ಕೇಳಿದಾಗ ಹುಡುಗ ಉತ್ತರಿಸಲಿಲ್ಲ.

ಫ್ಲ್ಯಾಟ್ ದರದ ಗುಟ್ಟೆಲ್ಲ ಮಾವನ ಆ ಒಂದು ಪ್ರಶ್ನೆಯಲ್ಲಿದೆ. ಕಂತು ಕಟ್ಟಿದಂತೆ ಅಸಲು ಕರಗುತ್ತದೆ, ಆದರೆ ಬಡ್ಡಿಯನ್ನು ಕೊನೆಯವರೆಗೂ ಮೊದಲ ದಿನದ ಐದು ಲಕ್ಷದ ಮೇಲೆಯೇ ಹಾಕುತ್ತಾರೆ. ಒಟ್ಟು ಬಡ್ಡಿ ಎರಡೂವರೆ ಲಕ್ಷ. ಅದೇ ಶೇ. 10ನ್ನು ಉಳಿದ ಅಸಲಿನ ಮೇಲೆ ಹಾಕಿದ್ದರೆ ಕಂತು ಸುಮಾರು 10,624 ರೂಪಾಯಿ, ಒಟ್ಟು ಬಡ್ಡಿ ಸುಮಾರು 1,37,000 ಆಗುತ್ತಿತ್ತು. ನಾನು ಮೊಬೈಲಿನಲ್ಲಿ ಲೆಕ್ಕ ಹಾಕಿ ನೋಡಿದೆ: ಅವನು ಹೇಳಿದ ಶೇ. 10 ಫ್ಲ್ಯಾಟ್ ಎಂದರೆ ನಿಜವಾಗಿ ವರ್ಷಕ್ಕೆ ಶೇ. 17ಕ್ಕೂ ಮೇಲೆ. ಮಾವನ ಭಾಷೆಯಲ್ಲಿ ನೂರಕ್ಕೆ ತಿಂಗಳಿಗೆ ಹತ್ತಿರ ಹತ್ತಿರ ಒಂದೂವರೆ ರೂಪಾಯಿ. “ದಲಾಲಿ ಅಂಗಡಿಯವರು ಎರಡು ರೂಪಾಯಿ ಎಂದು ಬಾಯಿಬಿಟ್ಟು ಹೇಳುತ್ತಾರೆ” ಎಂದು ಮಾವ ಎದ್ದು ನಿಂತರು.

ಸಾಲ ಮಾಡುವವರು ಇಲ್ಲಿ ಒಂದನ್ನು ಕೇಳಿ ಪಡೆಯಬೇಕು. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಇಂಥ ಸಾಲಕ್ಕೆ ಸಹಿ ಮಾಡುವ ಮುನ್ನ ಗ್ರಾಹಕರಿಗೆ ಕೆಎಫ್‌ಎಸ್ ಎಂಬ ವಿವರಣಾ ಪತ್ರ ಕೊಡಬೇಕು, ಅದೂ ಅವರಿಗೆ ತಿಳಿಯುವ ಭಾಷೆಯಲ್ಲಿ. ಬಡ್ಡಿ ಮತ್ತು ಶುಲ್ಕಗಳನ್ನೆಲ್ಲ ಸೇರಿಸಿದ ನಿಜವಾದ ವಾರ್ಷಿಕ ದರ ಎಪಿಆರ್ ಎಂದು ಅದರಲ್ಲಿರುತ್ತದೆ. ನಾನು ಕೇಳಿದಾಗ, ಸಾಲ ಮಂಜೂರಾದ ಮೇಲೆ ನೋಡೋಣ ಮೇಡಂ ಎಂದು ಆ ಹುಡುಗ ಜಾರಿಕೊಂಡ. ಸಹಿ ಹಾಕುವ ಮೊದಲೇ ನೋಡಬೇಕಾದ ಕಾಗದ ಅದು.

ಮತ್ತೆ ಬ್ಯಾಂಕಿಗೆ ಬಂದೆವು. ಈ ಸಲ ನಾನು ಕೇಳಿದ್ದು ಠೇವಣಿಯ ಮೇಲಿನ ಓವರ್‌ಡ್ರಾಫ್ಟ್. ನನ್ನ ಠೇವಣಿಗೆ ಬರುತ್ತಿದ್ದ ಬಡ್ಡಿ ಶೇ. 7, ಅದರ ಮೇಲೆ ಕೊಡುವ ಸಾಲಕ್ಕೆ ಶೇ. 8. ಠೇವಣಿಯ ಶೇ. 90ರವರೆಗೆ ತೆಗೆಯಬಹುದು. ತೆಗೆದಷ್ಟಕ್ಕೆ, ಇಟ್ಟುಕೊಂಡಷ್ಟು ದಿನಕ್ಕೆ ಮಾತ್ರ ಬಡ್ಡಿ. ತಿಂಗಳ ಕಂತು ಎಂಬುದೇ ಇಲ್ಲ. ಬಡ್ಡಿ ಕಟ್ಟಿಕೊಂಡು ಹೋಗಿ, ಭತ್ತ ಮಾರಿದಾಗ ಅಸಲು ಇಳಿಸಿದರಾಯಿತು. ಐದು ಲಕ್ಷ ತೆಗೆದು ಇಡೀ ವರ್ಷ ಹಾಗೇ ಬಿಟ್ಟರೂ ಬಡ್ಡಿ 40,000, ಆ ಐದು ಲಕ್ಷದ ಪಾಲಿಗೆ ಠೇವಣಿಯಿಂದ ಬರುವುದು 35,000. ಠೇವಣಿ ಬಡ್ಡಿಗೆ ತೆರಿಗೆ ಇದೆ, ಅದನ್ನೂ ಸೇರಿಸಿಯೇ ಯೋಚಿಸಬೇಕು.

ಹಾಗಿದ್ದರೆ ಮುರಿದರೇನು ಎಂದು ಯಜಮಾನರು ಫೋನಿನಲ್ಲಿ ಕೇಳಿದರು. ಬರೀ ಅಂಕಿ ನೋಡಿದರೆ ಅವರ ಮಾತಿನಲ್ಲಿ ಸತ್ಯವಿದೆ, ಎರಡಕ್ಕೂ ದೊಡ್ಡ ಅಂತರವಿಲ್ಲ. ಆದರೆ ಮುರಿದ ಠೇವಣಿಯನ್ನು ಮತ್ತೆ ಕಟ್ಟಿದ ಮನೆಗಳನ್ನು ನಾನು ನೋಡಿರುವುದು ಕಡಿಮೆ. ಸಾಲ ಎಂಬ ಹೆಸರಿದ್ದರೆ ತೀರಿಸಬೇಕೆಂಬ ನೆನಪಿರುತ್ತದೆ. ಅಲ್ಲದೆ ಮಿತಿಯಲ್ಲಿ ಇನ್ನೂ ಎರಡು ಲಕ್ಷದಷ್ಟು ಉಳಿದಿತ್ತು. ನಡುರಾತ್ರಿ ಯಾರನ್ನಾದರೂ ಬಳ್ಳಾರಿಯ ಆಸ್ಪತ್ರೆಗೆ ಕರೆದೊಯ್ಯಬೇಕಾಗಿ ಬಂದರೆ ಕೈಗೆ ಸಿಗುವ ದುಡ್ಡು ಅದು.

ಮಧ್ಯಾಹ್ನ ವಾಹನ ಕಾರಟಗಿಗೆ ಬಂತು. ಅತ್ತೆ ಮೊದಲು ನೋಡಿದ್ದು ಮೆಟ್ಟಿಲು. ಬಲಗಾಲನ್ನು ಮೇಲಿಟ್ಟು, ಬಾಗಿಲ ಪಕ್ಕದ ಸ್ಟೀಲ್ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಮೈಯನ್ನು ಎಳೆದುಕೊಂಡರು. ಒಳಗೆ ಹೋಗಿ ಶೌಚಾಲಯದ ಬಾಗಿಲು ಹಾಕಿಕೊಂಡರು, ಕೂತರು, ಎದ್ದರು, ಚಿಲಕ ತೆಗೆದು ಹೊರಬಂದರು. “ಕೂತರೆ ಮೊಣಕಾಲು ಗೋಡೆಗೆ ತಾಗುವುದಿಲ್ಲ. ಏಳಲು ಎಡಕ್ಕೂ ಒಂದು ಹಿಡಿಕೆ ಬೇಕು ನೋಡವ್ವಾ” ಎಂದರು. ನನ್ನ ಪಾಲಿಗೆ ವಾಹನ ಪರೀಕ್ಷೆ ಅಲ್ಲಿಗೆ ಮುಗಿಯಿತು. ಎಂಜಿನ್, ಟೈರು ಮೈದುನ ನೋಡಿದ.

ಕಾಗದಪತ್ರ ನೋಡಿದವಳು ನಾನು. ಆರ್‌ಸಿಯಲ್ಲಿ ವಾಹನದ ವರ್ಗ ಮೋಟಾರ್ ಕ್ಯಾರವಾನ್ ಎಂದೇ ಇತ್ತು. ಇದಕ್ಕೂ ಮೊದಲು ನೋಡಿದ್ದ ಇನ್ನೊಂದರಲ್ಲಿ ಹಾಗಿರಲಿಲ್ಲ. ಮಾಮೂಲಿ ಟ್ರಾವೆಲರ್ ಕೊಂಡು ಒಳಗೆ ಹಾಸಿಗೆ ಕೂರಿಸಿ ಆರ್‌ಟಿಒದಲ್ಲಿ ನಮೂದಿಸದೆ ಬಿಟ್ಟರೆ ಅದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ, ಅಪಘಾತವಾದರೆ ವಿಮೆಯವರು ತಕರಾರು ತೆಗೆಯುತ್ತಾರೆ. ಆದರೆ ಇದರ ಆರ್‌ಸಿಯಲ್ಲೂ ಒಂದು ತೊಡಕಿತ್ತು: ಮಾಲೀಕರು ಹಿಂದೆ ಮಾಡಿದ್ದ ಸಾಲದ ಒತ್ತೆ ಇನ್ನೂ ದಾಖಲೆಯಲ್ಲಿತ್ತು. ಸಾಲ ತೀರಿ ಎಷ್ಟೋ ಕಾಲವಾಯಿತು ಎಂದರು. ತೀರಿರಬಹುದು. ಸಾಲ ಕೊಟ್ಟವರ ನಿರಾಕ್ಷೇಪಣಾ ಪತ್ರ ಮತ್ತು ಅವರ ಸಹಿಯಿರುವ ಫಾರಂ 35 ಕೊಟ್ಟು ಆ ಹೆಸರನ್ನು ತೆಗೆಸದಿದ್ದರೆ ವಾಹನ ನಮ್ಮ ಹೆಸರಿಗೆ ನೇರವಾಗಿ ಆಗುವುದಿಲ್ಲ.

ಬೆಲೆಯ ಮಾತು ಬಂದಾಗ ಮಾಲೀಕರು, ಮೂರು ಲಕ್ಷ ನೋಟಿನಲ್ಲಿ ಕೊಟ್ಟು ಉಳಿದದ್ದನ್ನು ಖಾತೆಗೆ ಹಾಕಿ, ಬೆಲೆ ಇಳಿಸುತ್ತೇನೆ ಎಂದರು. ನಮ್ಮ ಕಡೆ ಕೈಗೆ ನೋಟು ಕೊಟ್ಟರೇ ನಗದು ಎಂಬ ಭಾವನೆ ಈಗಲೂ ಇದೆ. ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. “ಅಣ್ಣಾ, ಇದರಲ್ಲಿ ಸಿಕ್ಕಿಬೀಳುವವರು ನಾವಲ್ಲ, ನೀವು” ಎಂದೆ. ಇವತ್ತು ಖಾತೆಗೆ ಒಂದು ಲಕ್ಷ ಮುಂಗಡ, ನಿರಾಕ್ಷೇಪಣಾ ಪತ್ರ ಮತ್ತು ಫಾರಂ 35 ತಂದ ದಿನವೇ ಉಳಿದ ಹಣವೆಲ್ಲ ಒಟ್ಟಿಗೆ ಆರ್‌ಟಿಜಿಎಸ್ ಮೂಲಕ ಎಂದು ಹೇಳಿದೆ. ಸಾಲ ಮಂಜೂರಾಗಲಿ ಎಂದು ವಾರಗಟ್ಟಲೆ ಕಾಯಿಸದ ಗಿರಾಕಿ ಸಿಕ್ಕಿದ್ದು ಅವರಿಗೂ ಬೇಕಾಗಿತ್ತು. ಒಂಬತ್ತು ಲಕ್ಷಕ್ಕೆ ಒಪ್ಪಿದರು. ಪತ್ರಗಳು ಬಂದವು, ಹಣ ಹೋಯಿತು, ಕೊಪ್ಪಳದ ಆರ್‌ಟಿಒದಲ್ಲಿ ವಾಹನ ಯಾವ ಒತ್ತೆಯೂ ಇಲ್ಲದೆ ಯಜಮಾನರ ಹೆಸರಿಗಾಯಿತು.

ಓವರ್‌ಡ್ರಾಫ್ಟಿನಲ್ಲಿ ತೆಗೆದ ಐದು ಲಕ್ಷದಲ್ಲಿ ಆಮೇಲಿನ ಬೆಳೆಗಳಲ್ಲಿ ಮೂರು ಲಕ್ಷ ತೀರಿಸಿದೆವು. 2025-26ರಲ್ಲಿ ಅಣೆಕಟ್ಟೆಗೆ ಹೊಸ ಗೇಟುಗಳನ್ನು ಕೂರಿಸಬೇಕಾಗಿದ್ದರಿಂದ ಎರಡನೇ ಬೆಳೆಗೆ ನೀರಿಲ್ಲ ಎಂದಾಯಿತು. ಊರಿನಲ್ಲಿ ಕಾರು, ಪಿಕಪ್‌ಗಳ ಕಂತು ಕಟ್ಟುವವರು ಆ ಸುದ್ದಿ ಕೇಳಿ ಕಂಗಾಲಾದರು. ನಮಗೆ ಉಳಿದಿದ್ದ ಎರಡು ಲಕ್ಷಕ್ಕೆ ತಿಂಗಳ ಬಡ್ಡಿ 1,333 ರೂಪಾಯಿ. ಹಣಕಾಸು ಕಂಪನಿಯ ಕಾಗದಕ್ಕೆ ಸಹಿ ಹಾಕಿದ್ದರೆ ಅದೇ ತಿಂಗಳು 12,500 ಹೊಂದಿಸಬೇಕಾಗಿತ್ತು. ಮೈದುನ ಈಗ ಮೇಲ್ಛಾವಣಿಗೆ ಸೌರಫಲಕ ಹಾಕಿಸೋಣ, ಕಂತಿನಲ್ಲಿ ಕೊಡುತ್ತಾರೆ ಎನ್ನುತ್ತಿದ್ದಾನೆ. ಎಡಗಡೆಯ ಹಿಡಿಕೆಯನ್ನು ತಮ್ಮ ಪಿಂಚಣಿ ದುಡ್ಡಿನಲ್ಲೇ ಹಾಕಿಸಿಕೊಂಡ ಅತ್ತೆ, ಎರಡು ಲಕ್ಷ ತೀರುವ ತನಕ ಅದರ ಮಾತು ಎತ್ತಬೇಡ ಎಂದಿದ್ದಾರೆ. ನಾನು ಅತ್ತೆಯ ಕಡೆ.