ರಂಗನತಿಟ್ಟಿಗೆ ನದಿ ರೀವ ನೋಡಲು ಹೋಗುವವರಿಗೆ

ರಂಗನತಿಟ್ಟಿನಲ್ಲಿ ಎಲ್ಲರ ಕಣ್ಣೂ ಮರದ ಮೇಲೇ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುವುದು ಅಲ್ಲೇ, ನಿಜ. ನದಿ ರೀವ, ಅಂದರೆ ರಿವರ್ ಟರ್ನ್ ಬೇಕೆಂದರೆ ನಡುಹೊಳೆಯ ಬೋಳು ಬಂಡೆಗಳನ್ನು ನೋಡಿ. ಕಡಲ ಟರ್ನ್‌ಗಳ ಬಳಗದ್ದಾದರೂ ಇದು ಸಿಹಿನೀರಿನ ಹಕ್ಕಿ. ಜೀವಿಗಳ ಅಳಿವಿನ ಅಪಾಯ ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 2020ರಲ್ಲಿ ಇದನ್ನು ಅಪಾಯಕ್ಕೀಡಾಗಬಲ್ಲ (ವಲ್ನರಬಲ್) ಹಕ್ಕಿಗಳ ಪಟ್ಟಿಗೆ ಸೇರಿಸಿದೆ.

ಮಾರ್ಚ್‌ನಿಂದ ಮೇವರೆಗೆ ಹೋಗಿ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟರೆ ಬಂಡೆಗಳು ಮುಳುಗುತ್ತವೆ, ದೋಣಿಯೂ ನಿಲ್ಲುತ್ತದೆ. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಬಸ್ಸು, ರೈಲು ಎರಡೂ ಇವೆ, ಅಲ್ಲಿಂದ ಆಟೊ. ಬೈಕಿನವರು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಹತ್ತುವಂತಿಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು. ಬೆಳಗಿನ ಮೊದಲ ದೋಣಿ ಹಿಡಿಯಿರಿ. ಬಿಸಿಲೇರಿದರೆ ಬಂಡೆಯ ಝಳಕ್ಕೆ ಫೋಟೊ ಮಸುಕಾಗುತ್ತದೆ. ದೊಡ್ಡ ಲೆನ್ಸ್‌ಗೆ ಬೇರೆ ಶುಲ್ಕವಿರುತ್ತದೆ, ಕೌಂಟರಿನಲ್ಲೇ ಕೇಳಿಬಿಡಿ.

ಕಪ್ಪು ಟೋಪಿ, ಹಳದಿ ಕೊಕ್ಕು, ಕೆಂಪು ಕಾಲು, ಕವಲೊಡೆದ ಉದ್ದ ಬಾಲ: ಗುರುತು ಇಷ್ಟೇ. ಗೂಡು ಅಂತ ಏನೂ ಇರುವುದಿಲ್ಲ. ಬಂಡೆಯ ಸಣ್ಣ ತಗ್ಗಿನಲ್ಲೋ ಮರಳಿನ ಗುಳಿಯಲ್ಲೋ ಎರಡು ಮೂರು ಮೊಟ್ಟೆ, ಬೂದು ಮೈಮೇಲೆ ಕಂದು ಮಚ್ಚೆ. ಪಕ್ಕದಲ್ಲೇ ದೋಣಿ ಹೋದರೂ ಕಲ್ಲೆಂದೇ ಅನ್ನಿಸುತ್ತದೆ. ಹಾಗಾಗಿ ಮೊಟ್ಟೆ ಹುಡುಕಬೇಡಿ, ಕದಲದೆ ಕೂತ ಹಕ್ಕಿಯನ್ನು ಹುಡುಕಿ. 8x42 ಬೈನಾಕ್ಯುಲರ್ ಸಾಕು. ದೋಣಿ ಅಲುಗಾಡುತ್ತದೆ, ಹಾರುವ ಹಕ್ಕಿಗೆ ಕ್ಯಾಮೆರಾದ ಶಟರ್ ವೇಗ 1/2000 ಸೆಕೆಂಡಿಗಿಂತ ಕೆಳಗಿಳಿಸಬೇಡಿ. ಬಿಳಿ ಎದೆ ಸುಟ್ಟುಹೋಗದಂತೆ ಎಕ್ಸ್‌ಪೋಶರ್ ಸ್ವಲ್ಪ ತಗ್ಗಿಸಿ.

ದಯವಿಟ್ಟು ಅಂಬಿಗರಿಗೆ ‘ಇನ್ನೂ ಹತ್ತಿರ ಹೋಗಿ’ ಅನ್ನಬೇಡಿ. ತಾಯಿ ಎದ್ದರೆ ಮೇ ತಿಂಗಳ ಬಿಸಿಲಿಗೆ ಮೊಟ್ಟೆ ಬೇಯುತ್ತದೆ, ಅಷ್ಟರಲ್ಲಿ ಕಾಗೆಯೋ ಹದ್ದೋ ಎರಗಿರುತ್ತದೆ. ಬೇಸಿಗೆಯಲ್ಲೇ ಅಣೆಕಟ್ಟಿನಿಂದ ಏಕಾಏಕಿ ನೀರು ಬಂದರೆ ಆ ವರ್ಷದ ಮರಿಗಳೇ ಇಲ್ಲವಾಗುತ್ತವೆ. ನಮಗೆ ಅತಿ ದೊಡ್ಡ ಚಿಂತೆ ಇದೇ. ನೀರು ತೀರಾ ತಗ್ಗಿದರೂ ಕಷ್ಟ: ತಿಟ್ಟು ದಡಕ್ಕೆ ಕೂಡಿಕೊಂಡು ನಾಯಿ, ದನಗಳಿಗೆ ದಾರಿಯಾಗುತ್ತದೆ.

ದೊಡ್ಡ ಹಿಂಡೇ ಬೇಕೆಂದರೆ ಲಕ್ಕವಳ್ಳಿಯ ಭದ್ರಾ ಹಿನ್ನೀರಿಗೆ ಹೋಗಬೇಕು.

ಪಕ್ಷಿಧಾಮದ ಹೊರಗೆ ಕಾವೇರಿ ಪಾತ್ರದ ಬಂಡೆಗಳ ಮೇಲೆ ನಡೆಯುವಾಗ ರೀವ ಕಿರುಚುತ್ತಾ ತಲೆಯ ಮೇಲೆ ಎರಗಿತೆಂದರೆ ಮೊಟ್ಟೆ ಅಲ್ಲೇ ಇದೆ. ಅಲ್ಲೇ ನಿಲ್ಲಿ, ಕಾಲಬುಡ ನೋಡಿಕೊಂಡು ಬಂದ ದಾರಿಯಲ್ಲೇ ಹಿಂದಿರುಗಿ.