ಕಂಪನಿಯ ಕುಟುಂಬ ದಿನಕ್ಕೆ 16 ಅಡಿ ಭಿತ್ತಿಚಿತ್ರ: ಕೆಲಸ ಎಲ್ಲಿಗೆ ಬಂತು

ಕಲಬುರಗಿಯ ಕಂಪನಿಯೊಂದರ ಕುಟುಂಬ ದಿನಕ್ಕೆ ಸುಮಾರು 160 ಜನ ಸೇರಿ ಬಣ್ಣ ತುಂಬುವ ಭಿತ್ತಿಚಿತ್ರ ತಯಾರಾಗುತ್ತಿದೆ. ಅಗಲ 16 ಅಡಿ, ಎತ್ತರ 8 ಅಡಿ. ಗೆರೆ ನಮ್ಮದು, ಬಣ್ಣ ಅವರದು. ಫಲಕಗಳು ಸಿದ್ಧವಾಗಿವೆ, ಗೆರೆ ಇಳಿಸುವುದು ಅರ್ಧ ಮುಗಿದಿದೆ.

ಗೋಡೆಯಿಂದ ಮೇಜಿಗೆ

ಇಂಥ ಚಿತ್ರವನ್ನು ನೇರವಾಗಿ ಗೋಡೆಯ ಮೇಲೆ ಬರೆದು ಜನರಿಗೆ ಕುಂಚ ಕೊಡುವುದೇ ರೂಢಿ. ದೊಡ್ಡ ಗುಂಪಿಗೆ ಅದು ಆಗಿಬರುವುದಿಲ್ಲ. ನಿಂತು ಬಣ್ಣ ಹಚ್ಚುವವರಿಗೆ ತಲಾ 2 ಅಡಿ ಜಾಗ ಬೇಕು. ಅಂದರೆ 16 ಅಡಿ ಗೋಡೆಗೆ ಒಮ್ಮೆಗೆ ಎಂಟೇ ಜನ. ಆರಡಿಯ ಮೇಲಿನ ಭಾಗಕ್ಕೆ ಏಣಿ ಇಡಬೇಕು, ಎರಡಡಿಯ ಕೆಳಗೆ ಕುಕ್ಕರುಗಾಲಿನಲ್ಲಿ ಕೂರಬೇಕು. ಮಿಕ್ಕವರೆಲ್ಲ ನಿಂತು ನೋಡುವವರಾಗಿಬಿಡುತ್ತಾರೆ.

ಅದಕ್ಕೇ ಚಿತ್ರವನ್ನು 32 ಚೌಕ ಫಲಕಗಳಾಗಿ ಒಡೆದಿದ್ದೇವೆ. ಒಂದು ಮೇಜಿಗೆ ಎರಡು ಫಲಕ, ಒಂದು ಫಲಕಕ್ಕೆ ಇಬ್ಬರು. 16 ಮೇಜು ಹಾಕಿದರೆ ಒಮ್ಮೆಗೆ 64 ಜನರವರೆಗೆ ಕೆಲಸ ಸಿಗುತ್ತದೆ, ಮೂರು ಸರದಿಯಲ್ಲಿ ಎಲ್ಲರದೂ ಮುಗಿಯುತ್ತದೆ. ಗಾಲಿಕುರ್ಚಿಯಲ್ಲಿ ಬರುವವರಿಗೆ, ಮಕ್ಕಳಿಗೆ, ಮೊಣಕಾಲು ನೋವಿನ ಹಿರಿಯರಿಗೆ ಮೇಜೇ ಸರಿ. ತಮ್ಮ ಫಲಕ ಯಾವುದರ ತುಂಡು ಎಂಬುದು ಕೊನೆಗೆ ಜೋಡಿಸಿದಾಗಲೇ ತಿಳಿಯುತ್ತದೆ. ಈ ಚಟುವಟಿಕೆಯ ನಿಜವಾದ ಸೊಗಸು ಇರುವುದು ಅಲ್ಲೇ.

ಫಲಕ

9 ಮಿ.ಮೀ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ), 8×4 ಅಡಿಯ ನಾಲ್ಕು ಶೀಟು. ಒಂದೊಂದು ಫಲಕ ಸುಮಾರು ಎರಡೂವರೆ ಕೆ.ಜಿ. ತೂಗುತ್ತದೆ. ಫ್ಲೆಕ್ಸ್ ಅಗ್ಗವಾದರೂ ಬೇಡ: ಅದರ ನುಣುಪಿಗೆ ಎಮಲ್ಷನ್ (ನೀರಿನಲ್ಲಿ ಕಲಸುವ ಗೋಡೆ ಬಣ್ಣ) ಹಿಡಿಯುವುದಿಲ್ಲ, ಸುತ್ತಿದಾಗ ಚಕ್ಕೆ ಏಳುತ್ತದೆ.

ಕೊಯ್ಯುವಾಗ ಗಮನವಿರಲಿ. ಶೀಟಿನ ನಿಜವಾದ ಅಳತೆ 2440×1220 ಮಿ.ಮೀ. 610 ಎಂದು ಗುರುತು ಹಾಕಿಕೊಟ್ಟರೆ ಗರಗಸ ಪ್ರತಿ ಸೀಳಿಗೂ 3 ಮಿ.ಮೀ. ತಿನ್ನುತ್ತದೆ, ಕೊನೆಯ ತುಂಡು 601ಕ್ಕೆ ಇಳಿಯುತ್ತದೆ. ಬಡಗಿಗೆ 605 ಎಂದೇ ಹೇಳಬೇಕು. ನಡುವೆ 2 ಮಿ.ಮೀ. ಸಂದು ಬಿಟ್ಟರೆ ಜೋಡಿಸಿದ ಚಿತ್ರ 4854×2426 ಮಿ.ಮೀ. ಆಗುತ್ತದೆ, ಹಿಂದಿನ ಕಬ್ಬಿಣದ ಚೌಕಟ್ಟನ್ನು ಈ ಲೆಕ್ಕಕ್ಕೇ ಮಾಡಿಸಿದೆ.

ನೀರಿನ ಪ್ರೈಮರ್ ಎರಡೂ ಬದಿಗೆ, ಅಂಚಿಗೂ. ಮುಂಬದಿಗಷ್ಟೇ ಹಚ್ಚಿದರೆ ಒಂದು ಮೈ ತೇವ ಹೀರಿ ಇನ್ನೊಂದು ಒಣಗಿ ಉಳಿದು ಫಲಕ ಬಾಗುತ್ತದೆ. ಹಿಂಬದಿಯಲ್ಲಿ ಸಾಲು, ಸಂಖ್ಯೆ (ಅ1ರಿಂದ ಈ8ರವರೆಗೆ) ಮತ್ತು ಮೇಲ್ಮುಖದ ಬಾಣ ಬರೆದಿದ್ದೇವೆ. ಬಾಣ ಅತಿ ಮುಖ್ಯ. ಚಿತ್ರದ ನಡುವಿನ ಮಿನಾರಿನ ಹೆಂಚಿನ ವಿನ್ಯಾಸ ತಲೆಕೆಳಗಾದರೂ ಸರಿಯಾಗಿಯೇ ಕಾಣುತ್ತದೆ, ತಪ್ಪು ಗೊತ್ತಾಗುವುದು ಪಕ್ಕದ ಗೆರೆ ಕೂಡದಿದ್ದಾಗ.

ಚಿತ್ರ

ನಡುವೆ ಬೀದರಿನ ಮಹಮೂದ್ ಗವಾನ್ ಮದರಸಾದ ಮಿನಾರು. 1472ರ ಈ ಕಟ್ಟಡ 1696ರ ಸ್ಫೋಟದಲ್ಲಿ ಬಹುಭಾಗ ಹಾಳಾಯಿತು. ಉಳಿದ ಮಿನಾರಿನ ಮೈಮೇಲೆ ಬಣ್ಣದ ಹೆಂಚಿನ ಅಂಕುಡೊಂಕು ಪಟ್ಟಿಗಳು ಇಂದಿಗೂ ಕಾಣುತ್ತವೆ. ಬಣ್ಣ ತುಂಬಲು ಹೇಳಿ ಮಾಡಿಸಿದ ವಿನ್ಯಾಸವಿದು, ಏಕೆಂದರೆ ಮೂಲದಲ್ಲೇ ಅದು ಮನೆಮನೆಯಾಗಿ, ಅಂದರೆ ಬಿಡಿಬಿಡಿ ಖಾನೆಗಳಾಗಿ, ಒಡೆದಿದೆ. ಬಲಕ್ಕೆ ಹೂ ಬಿಟ್ಟ ತೊಗರಿ ಹೊಲ, ಎಡಕ್ಕೆ ಬಿದರಿ ಹೂಜಿ.

ಮಿನಾರನ್ನು ಇದ್ದ ಹಾಗೆಯೇ ನಕಲು ಮಾಡಲಾಗದು. ಪ್ರಯೋಗದ ಫಲಕದಲ್ಲಿ ಒಂದು ಇಂಚು ಅಗಲದ ಪಟ್ಟಿಗೆ ಅರ್ಧ ಇಂಚಿನ ಚಪ್ಪಟೆ ಕುಂಚ ಕೊಟ್ಟು ನೋಡಿದೆವು. ರೂಢಿಯಿಲ್ಲದ ಕೈ ಎರಡೂ ಕಡೆ ಗೆರೆ ದಾಟಿತು. ಪಟ್ಟಿಯನ್ನು 2 ಇಂಚಿಗೆ ಹಿಗ್ಗಿಸಿ, ಪಟ್ಟಿಗಳ ಸಂಖ್ಯೆ ಇಳಿಸಿದೆವು. ಅಂಕುಡೊಂಕಿನ ಚೂಪು ಮೂಲೆ ಇನ್ನೊಂದು ತೊಡಕು: ಕುಂಚದ ತುದಿ ಅಲ್ಲಿಗೆ ಹೊಕ್ಕುವುದಿಲ್ಲ, ಒತ್ತಿದರೆ ಬಣ್ಣ ಉಕ್ಕಿ ಆಚೆ ಹರಿಯುತ್ತದೆ. ಈಗ ಪ್ರತಿ ಮೂಲೆಯನ್ನೂ ಅರ್ಧ ಇಂಚು ಮೊಂಡು ಮಾಡಿದ್ದೇವೆ, ಆ ಜಾಗವನ್ನು ಕಪ್ಪು ಗೆರೆ ತುಂಬುತ್ತದೆ. ಮಕ್ಕಳ ಫಲಕಗಳಲ್ಲಿ 3 ಇಂಚಿಗಿಂತ ಚಿಕ್ಕ ಮನೆಯೇ ಇಲ್ಲ.

ಗೆರೆ ಇಳಿಸುವುದು

ಒಂದೇ ವಿನ್ಯಾಸ ಮತ್ತೆ ಮತ್ತೆ ಬರುವುದರಿಂದ ಬಟರ್ ಪೇಪರಿನ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಹೊಡೆದು, ಇದ್ದಿಲ ಪುಡಿಯ ಗಂಟನ್ನು ತಟ್ಟುತ್ತಿದ್ದೇವೆ. ಎಲ್ಲ ಫಲಕ ಪರ್ಸಿ ಕಲ್ಲಿನ ನೆಲದ ಮೇಲೆ ಸಂದು ಸಹಿತ ಹಾಸಿಕೊಂಡೇ ಈ ಕೆಲಸ ಆಗಬೇಕು. ಬಿಡಿಬಿಡಿಯಾಗಿ ಇಳಿಸಿದರೆ ಸಂದಿನಲ್ಲಿ ಗೆರೆ ಜಾರುತ್ತದೆ.

ಗೆರೆ ತಿದ್ದಲು ಪರ್ಮನೆಂಟ್ ಮಾರ್ಕರ್ ಮುಟ್ಟಲೇಬಾರದು. ಅದರ ಶಾಯಿ ನೀರಿನ ಬಣ್ಣದೊಳಗಿಂದ ಮೇಲೆದ್ದು ಬರುತ್ತದೆ. ಹಳದಿಯ ಮೇಲೆ ಎರಡು ಕೋಟು ಹಚ್ಚಿದರೂ ನೇರಳೆ ನೆರಳು ಉಳಿಯುತ್ತದೆ. ಅಕ್ರಿಲಿಕ್ ಪೇಂಟ್ ಮಾರ್ಕರ್ ಬಳಸಿ. ಮನೆಯೊಳಗೆ ಅಂಕಿ ಬರೆಯುವುದನ್ನೂ ಬಿಟ್ಟಿದ್ದೇವೆ. ಯಾವ ಬಣ್ಣ ಬೇಕೋ ಅದರದೇ ಚುಕ್ಕೆ ಇಟ್ಟರೆ ಮೇಲೆ ಬಣ್ಣ ಬಿದ್ದಾಗ ತಾನೇ ಮಾಯವಾಗುತ್ತದೆ.

ಬಣ್ಣ

ಅಂಗಡಿಯಲ್ಲಿ ಶೇಡ್ ಬೆರೆಸಿಕೊಡುವ ಅಕ್ರಿಲಿಕ್ ಎಮಲ್ಷನ್: ಕಡುನೀಲಿ 2 ಲೀಟರ್, ಹಸಿರುನೀಲಿ, ಹಸಿರು, ಹಳದಿ, ಬಿಳಿ, ಕಪ್ಪು ತಲಾ 1 ಲೀಟರ್. ಡಿಸ್ಟೆಂಪರ್ ಕೈಗೆ ಉದುರುತ್ತದೆ. ಎಣ್ಣೆಯ ಎನಾಮಲ್ ವಾಸನೆ, ಟರ್ಪೆಂಟೈನ್, ಗಂಟೆಗಟ್ಟಲೆ ಒಣಗಿಸುವಿಕೆ ಎಲ್ಲವನ್ನೂ ತರುತ್ತದೆ. ಕಡುನೀಲಿ, ಹಳದಿಗಳಲ್ಲಿ ಮುಚ್ಚುವ ಬಿಳಿ ಪುಡಿ ಕಡಿಮೆ, ಆದ್ದರಿಂದ ಎರಡು ಕೋಟು ಕಡ್ಡಾಯ.

ಸರದಿಗಳನ್ನು ಇದಕ್ಕೆ ತಕ್ಕಂತೆ ಹೊಂದಿಸಿದೆ. ಮೊದಲ ಗುಂಪು ಕಡುನೀಲಿ, ಹಳದಿಯ ಮೊದಲ ಕೋಟು. ಎರಡನೆಯದು ಅವೇ ಬಣ್ಣಗಳ ಎರಡನೇ ಕೋಟು. ಮೂರನೆಯದು ಹಸಿರುನೀಲಿ, ಹಸಿರು, ಬಿಳಿ. ಒಂದು ಸರದಿ 25 ನಿಮಿಷ, ನಡುವೆ 15 ನಿಮಿಷ ಒಣಗಲು. ಒಂದೇ ಸರದಿಯ ಎರಡು ಬಣ್ಣ ಪಕ್ಕಪಕ್ಕದ ಮನೆಗೆ ಬೀಳದಂತೆ ಚುಕ್ಕೆ ಇಡಬೇಕು. ಹಸಿ ನೀಲಿಗೆ ಹಸಿ ಹಳದಿ ತಾಗಿದರೆ ಹಸಿರಾಗುತ್ತದೆ, ಒಣಗಿದ ಮೇಲೆ ತಾಗಿದರೆ ಏನೂ ಆಗದು.

ಒಂದು ಬಣ್ಣಕ್ಕೆ ಒಂದೇ ಕುಂಚ, ಹಿಡಿಗೆ ಅದೇ ಬಣ್ಣದ ಟೇಪು. ಕಾರ್ಯಕ್ರಮದ ನಡುವೆ ಕುಂಚ ತೊಳೆಯುವ ಮಾತೇ ಇಲ್ಲ. ತೊಳೆದ ಕುಂಚದಲ್ಲಿ ಉಳಿದ ನೀರು ಬಣ್ಣವನ್ನು ತೆಳ್ಳಗೆ ಮಾಡಿ ಗೆರೆಯಾಚೆ ಹರಿಸುತ್ತದೆ.

ನಮ್ಮ ಕಡೆಯ ಬಿಸಿಲಿನ ಲೆಕ್ಕ ಬೇರೆಯೇ ಹಾಕಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಒಣ ಗಾಳಿಗೆ, ಮೇಲೆ ಫ್ಯಾನೂ ತಿರುಗುತ್ತಿದ್ದರೆ, ಬಟ್ಟಲಿನಲ್ಲಿರುವ ಬಣ್ಣ ಕೆನೆಗಟ್ಟುತ್ತದೆ. ಆ ಕೆನೆ ಕುಂಚಕ್ಕೆ ಹತ್ತಿ ಫಲಕದ ಮೇಲೆ ಗಂಟುಗಂಟಾಗಿ ಕೂರುತ್ತದೆ. ಮುಚ್ಚಳವಿರುವ ಐಸ್‌ಕ್ರೀಂ ಕಪ್ಪಿನಲ್ಲಿ ಒಮ್ಮೆಗೆ 30 ಮಿ.ಲೀ. ಮಾತ್ರ ಸುರಿಯುವುದು, ಪ್ರತಿ ಮೇಜಿಗೆ ನೀರಿನ ಸ್ಪ್ರೇ ಬಾಟಲಿ. ಸರದಿ ನಡೆಯುವಾಗ ಕೂಲರ್ ಇರಲಿ, ಫ್ಯಾನು ಬಿಡುವಿನಲ್ಲಷ್ಟೇ.

ಬಿದರಿ ಫಲಕಗಳು

ಇವು ಮಾತ್ರ ಬೇರೆ ಜಾತಿ. ಬಿದರಿಯಲ್ಲಿ ಸತು ಮತ್ತು ತಾಮ್ರದ ಎರಕದ ಮೇಲೆ ಕೆತ್ತಿ, ಬೆಳ್ಳಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ಮಿಶ್ರಣದಿಂದ ಮೈಯನ್ನು ಕಪ್ಪಾಗಿಸುತ್ತಾರೆ. ಬೆಳ್ಳಿ ಹಾಗೆಯೇ ಬೆಳಗುತ್ತದೆ. ಅಲ್ಲಿ ಕಪ್ಪು ಕೊನೆಗೆ, ನಮ್ಮಲ್ಲಿ ಮೊದಲಿಗೆ: ಮ್ಯಾಟ್ ಕಪ್ಪಿನ ಎರಡು ಕೋಟು ಸ್ಪಂಜಿನ ರೋಲರಿನಿಂದ, ನಡುವೆ 220ರ ಪಾಲಿಶ್ ಪೇಪರಿನ ಉಜ್ಜು. ಬೆಳ್ಳಿಯ ಬದಲು ಬೆಳ್ಳಿ ಬಣ್ಣದ ಮಾರ್ಕರ್. ಮೈ ಒರಟಾಗಿದ್ದರೆ ಅದರ ತುದಿ ಬೇಗ ಹರಿಯುತ್ತದೆ. ಮಾರ್ಕರನ್ನು ಆಗಾಗ ಕುಲುಕುತ್ತಿರಬೇಕು, ಬೆಳ್ಳಿಪುಡಿ ತಳಕ್ಕಿಳಿದರೆ ಬರುವುದು ಬೂದಿ ಬಣ್ಣದ ನೀರು. ತಲೆಗೆಣ್ಣೆ ಮುಟ್ಟಿದ ಬೆರಳು ಮ್ಯಾಟ್ ಕಪ್ಪಿನ ಮೇಲೆ ಅಚ್ಚು ಬಿಡುತ್ತದೆ, ಅಂಗೈ ಕೆಳಗೆ ಒಂದು ಹಾಳೆ ಇಟ್ಟುಕೊಳ್ಳಲು ಹೇಳಬೇಕು.

ಉಳಿದದ್ದು

ತೊಗರಿ ಹೊಲದ ಫಲಕಗಳಿಗೆ ಗೆರೆ ಇಳಿಸಬೇಕು. ಚುಕ್ಕೆ ಇಡುವುದು ಬಾಕಿ. ಮೂರೂ ಸರದಿ ಮುಗಿದ ಮೇಲೆ ಎಲ್ಲ ಗೆರೆಯನ್ನೂ ಮತ್ತೆ 10 ಮಿ.ಮೀ. ದಪ್ಪಕ್ಕೆ ಕಪ್ಪಿನಲ್ಲಿ ಎಳೆಯಬೇಕು, ಅದನ್ನು ಪಳಗಿದ ಇಬ್ಬರೇ ಮಾಡುವುದು. ನೂರಾರು ಕೈಗಳ ಏರುಪೇರು ಆ ಗೆರೆಯಡಿ ಅಡಗುತ್ತದೆ, ಆದ್ದರಿಂದ ಯಾರ ಕೆಲಸವನ್ನೂ ತಿದ್ದಬೇಕಾಗಿಲ್ಲ. ಆಮೇಲೆ ಫಲಕಕ್ಕೆ ನಾಲ್ಕರಂತೆ 128 ಸ್ಕ್ರೂ, ಕೆಳಸಾಲಿನಿಂದ ಮೇಲಕ್ಕೆ. ನೀರಿನ ವಾರ್ನಿಷ್ ಮಾರನೆಯ ದಿನ.